ದಾಳ ಯಾರ ಕೈಯಲ್ಲಿರಬೇಕು?

ಕುಮಾರವ್ಯಾಸ ಭಾರತದ ಸಭಾಪರ್ವವನ್ನು ಓದಿದ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ದ್ಯೂತಪ್ರಸಂಗ ಹೊಸದಲ್ಲ. ಶಕುನಿಯ ಕಪಟ, ಧರ್ಮರಾಯನ ವ್ಯಸನ, ದ್ರೌಪದಿಯ ಪ್ರಶ್ನೆ ಇವೆಲ್ಲವೂ ತರಗತಿಯಲ್ಲಿ ಚರ್ಚೆಗೆ ಬರುತ್ತವೆ. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೊಂದು ಅಲ್ಲಿದೆ. ಪಾಂಡವರ ಪಕ್ಷದಲ್ಲಿ ದಾಳ ಉರುಳಿಸಿದ ಕೈ ಒಂದೇ. ಪಣವಾದವರು ಐವರು ಸಹೋದರರು ಮತ್ತು ದ್ರೌಪದಿ. ಆಡಿದವನು ಒಬ್ಬ, ಸೋತವರು ಎಲ್ಲರೂ. ಕಪಟವಿಲ್ಲದ ದಾಳವಾಗಿದ್ದರೂ ಆ ಆಟದ ಅನ್ಯಾಯ ಪೂರ್ತಿಯಾಗಿ ಅಳಿಯುತ್ತಿರಲಿಲ್ಲ. ಎಲ್ಲರ ಪಾಲಿಗೆ ಬರುವ ಫಲವನ್ನು ಒಬ್ಬನೇ ನಿರ್ಧರಿಸಬಹುದೇ ಎಂಬ ಪ್ರಶ್ನೆ ಆಗಲೂ ಉಳಿಯುತ್ತಿತ್ತು.

ಈ ಪ್ರಶ್ನೆಯನ್ನು ಇಂದು ಮೇಜಿನ ಮೇಲೆ ಹರಡಿಟ್ಟು ಪರೀಕ್ಷಿಸುವ ಒಂದು ಬಗೆಯ ಆಟವಿದೆ. ಅದು ಸಹಕಾರಿ ಬೋರ್ಡ್ ಗೇಮ್. ಪಗಡೆಯಲ್ಲಿ, ಚೌಕಾಬಾರದಲ್ಲಿ, ಚದುರಂಗದಲ್ಲಿ ಎದುರಾಳಿ ಎದುರಿಗೇ ಕುಳಿತಿರುತ್ತಾನೆ. ಸಹಕಾರಿ ಆಟದಲ್ಲಿ ಸುತ್ತ ಕುಳಿತವರೆಲ್ಲರೂ ಒಂದೇ ಪಕ್ಷ. ಎದುರಾಳಿಯೆಂದರೆ ಆಟದ ನಿಯಮ ಮತ್ತು ಇಸ್ಪೀಟಿನಂತೆ ಕಲೆಸಿಟ್ಟ ಎಲೆಗಳ ಕಟ್ಟು. ಗೆದ್ದರೆ ಎಲ್ಲರೂ ಗೆಲ್ಲುತ್ತಾರೆ, ಸೋತರೆ ಎಲ್ಲರೂ ಸೋಲುತ್ತಾರೆ. ಈ ವರ್ಗದಲ್ಲಿ ಭಯವನ್ನು ವಸ್ತುವಾಗಿ ಉಳ್ಳ ಜಟಿಲ ಆಟಗಳೂ ಇವೆ. ಅವುಗಳಲ್ಲಿ 'ಆರ್ಕಮ್ ಹಾರರ್' ಪ್ರಸಿದ್ಧವಾದುದು. ರಿಚರ್ಡ್ ಲೌನಿಯಸ್ ರೂಪಿಸಿದ ಈ ಆಟ ಅಮೆರಿಕದಲ್ಲಿ 1987ರಲ್ಲಿ ಮೊದಲು ಪ್ರಕಟವಾಯಿತು. ಕೆವಿನ್ ವಿಲ್ಸನ್ ಜೊತೆಗೂಡಿ ಪರಿಷ್ಕರಿಸಿದ ಎರಡನೆಯ ಆವೃತ್ತಿ 2005ರಲ್ಲಿ ಬಂದಿತು. ಮುಂದಿನ ವಿವರಗಳು ಆ ಎರಡನೆಯ ಆವೃತ್ತಿಗೆ ಸಂಬಂಧಿಸಿದವು.

ಆರ್ಕಮ್ ಎಂಬುದು ಅಮೆರಿಕದ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ (1890–1937) ತನ್ನ ಕಥೆಗಳಿಗಾಗಿ ಕಲ್ಪಿಸಿದ ಊರು. ಆಟಗಾರರು ಆ ಊರಿನ ಅನ್ವೇಷಕರು. ಸ್ಮಶಾನ, ಕಾಡು, ಕರಿಗುಹೆ, ಮಾಟಗಾತಿಯ ಮನೆ ಮುಂತಾದ ಕಡೆಗಳಲ್ಲಿ ಅನ್ಯಲೋಕದ ದ್ವಾರಗಳು ತೆರೆದುಕೊಳ್ಳುತ್ತವೆ; ಅವುಗಳಿಂದ ವಿಕಾರ ಜೀವಿಗಳು ಹೊರಬರುತ್ತವೆ. ದ್ವಾರಗಳು ತೆರೆದಂತೆ ವಿನಾಶದ ಗಣನೆ ಏರುತ್ತದೆ. ಅದು ತುಂಬಿದಾಗ ನಿದ್ರಿಸುತ್ತಿರುವ ಪುರಾತನ ಶಕ್ತಿಯೊಂದು ಎಚ್ಚರಗೊಳ್ಳುತ್ತದೆ. ಅದಕ್ಕೆ ಮೊದಲೇ 6 ದ್ವಾರಗಳನ್ನು ಶಾಶ್ವತವಾಗಿ ಮುದ್ರಿಸಿಬಿಡುವುದು ಗೆಲುವಿನ ಒಂದು ದಾರಿ. ಒಂದು ಆಟಕ್ಕೆ ಮೂರು ನಾಲ್ಕು ಗಂಟೆಗಳು ಹಿಡಿಯುವುದುಂಟು.

ಇಷ್ಟು ತೊಡಕಿನ ನಿಯಮಗಳು ಮನರಂಜನೆಗೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಉತ್ತರ ನಿಯಮಗಳ ಒಳಗೇ ಇದೆ. ಪ್ರತಿ ಅನ್ವೇಷಕನಿಗೂ ಬುದ್ಧಿಸ್ಥಿಮಿತ ಮತ್ತು ದೇಹಬಲ ಎಂಬ ಎರಡು ಅಳತೆಗಳಿವೆ. ವಿಕಾರ ಜೀವಿಯೊಡನೆ ಕಾದಾಡುವ ಮುನ್ನ ಅದನ್ನು ಕಂಡು ಬೆದರದಿರಲು ಮನೋಬಲ ಬೇಕು. ಅನಂತರ ಅದನ್ನು ಮಣಿಸಲು ಹೋರಾಟದ ಶಕ್ತಿ ಬೇಕು. ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಂತೆ ಜೋಡಣೆಗೊಂಡಿವೆ. ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಹೀಗಾಗಿ ಎಲ್ಲಕ್ಕೂ ಸಮರ್ಥನಾದ ಒಬ್ಬನೇ ವೀರನಿಗೆ ಇಲ್ಲಿ ಎಡೆಯಿಲ್ಲ. ಒಂದೇ ಸ್ಥಳದಲ್ಲಿ ಕೂಡಿದವರು ಆಯುಧವನ್ನು, ಮಂತ್ರವನ್ನು, ಹಣವನ್ನು ಕೊಟ್ಟುಕೊಳ್ಳಬಹುದು. ಆದರೆ ದ್ವಾರವನ್ನು ಮುದ್ರಿಸಲು ಬೇಕಾದ ಸುಳಿವುಗಳನ್ನು ಕೊಡುವಂತಿಲ್ಲ. ಅವನ್ನು ಅವರವರೇ ಅಲೆದು ಸಂಪಾದಿಸಬೇಕು. ಸಾಧನವನ್ನು ಎರವಲು ಪಡೆಯಬಹುದು, ಅರಿವನ್ನು ಪಡೆಯಲಾಗದು ಎಂಬ ತಿಳಿವಳಿಕೆ ಈ ಒಂದು ನಿಯಮದಲ್ಲಿ ಅಡಗಿದೆ. ಜಟಿಲತೆ ಇಲ್ಲಿ ಆಡಂಬರವಲ್ಲ. ಒಬ್ಬರಿಗೆ ಇನ್ನೊಬ್ಬರು ಅನಿವಾರ್ಯವಾಗುವಂತೆ ಹೆಣೆದ ಬಲೆ.

ಮೂಲಕಥೆಗಳೊಡನೆ ಹೋಲಿಸಿದಾಗ ಇದರ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಲವ್‌ಕ್ರಾಫ್ಟನ ಕಥಾನಾಯಕ ಬಹುಮಟ್ಟಿಗೆ ಒಂಟಿ. ಹಳೆಯ ಕಾಗದಪತ್ರಗಳನ್ನು ಒಬ್ಬನೇ ಓದುತ್ತಾನೆ, ಕಾಣಬಾರದುದನ್ನು ಒಬ್ಬನೇ ಕಾಣುತ್ತಾನೆ, ಒಬ್ಬನೇ ಬುದ್ಧಿ ಕಳೆದುಕೊಳ್ಳುತ್ತಾನೆ. ಆ ಲೇಖಕನಿಗೆ ಅನ್ಯ ಜನಾಂಗಗಳ ಬಗ್ಗೆ ಇದ್ದ ತಿರಸ್ಕಾರವೂ ಅವನ ಕಥೆಗಳಲ್ಲಿ, ಪತ್ರಗಳಲ್ಲಿ ದಾಖಲಾಗಿದೆ. ಜಾಗತಿಕ ಫ್ಯಾಂಟಸಿ ಪ್ರಶಸ್ತಿಯ ಸ್ಮರಣಿಕೆಯಾಗಿದ್ದ ಅವನ ಮುಖಪ್ರತಿಮೆಯನ್ನು ಈ ಕಾರಣದ ಚರ್ಚೆಯ ಬಳಿಕ 2015ರಲ್ಲಿ ಕೈಬಿಡಲಾಯಿತು. ಅಪರಿಚಿತನೇ ಭಯದ ಮೂಲವೆಂದು ಬಗೆದವನ ಲೋಕವನ್ನು ತೆಗೆದುಕೊಂಡು, ಈ ಆಟ ಅಪರಿಚಿತರನ್ನೂ ಒಂದೇ ಪಕ್ಷದಲ್ಲಿ ಕೂರಿಸುತ್ತದೆ. ಕಥೆ ಒಂಟಿತನದ ಭಯವನ್ನು ಹೇಳಿತು. ಆಟ ಆ ಭಯಕ್ಕೆ ಸಂಗಾತಿಗಳನ್ನು ಕೊಟ್ಟಿತು.

ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ವಿಚಾರವಿದೆ. ಭರತನು ಭಯಾನಕ ರಸಕ್ಕೆ ಹೇಳುವ ವಿಭಾವಗಳಲ್ಲಿ ವಿಕೃತ ಧ್ವನಿ, ಭೂತಾದಿಗಳ ದರ್ಶನ, ಅರಣ್ಯ, ಶೂನ್ಯಗೃಹ ಇವು ಸೇರಿವೆ. ಆರ್ಕಮ್ ಊರಿನ ನಕ್ಷೆ ಈ ಪಟ್ಟಿಗೆ ಬರೆದ ಚಿತ್ರದಂತಿದೆ. ಆದರೆ ರಂಗದ ಮುಂದಿನ ಸಹೃದಯನಿಗೂ ಮೇಜಿನ ಮುಂದಿನ ಆಟಗಾರನಿಗೂ ಒಂದು ಅಂತರವುಂಟು. ಸಹೃದಯನು ಏನನ್ನೂ ನಿರ್ಧರಿಸಬೇಕಾಗಿಲ್ಲ, ಆಟಗಾರನು ನಿರ್ಧರಿಸಲೇಬೇಕು. ಕಾಗದದ ಭೂತಕ್ಕೆ ಯಾರೂ ಹೆದರುವುದಿಲ್ಲ. ತನ್ನ ನಿರ್ಧಾರದಿಂದ ಗೆಳೆಯರೆಲ್ಲರೂ ಸೋಲಬಹುದೆಂಬ ಅರಿವು ಮಾತ್ರ ಕೈಯನ್ನು ಕ್ಷಣಕಾಲ ತಡೆಯುತ್ತದೆ. ಈ ಆಟದ ಭಯಕ್ಕೆ ನಿಜವಾದ ನೆಲೆ ಈ ಹೊಣೆಗಾರಿಕೆಯೇ ಹೊರತು ಚಿತ್ರಗಳಲ್ಲ.

ಆದ್ದರಿಂದಲೇ ಇಂತಹ ಆಟಕ್ಕೆ ದೊಡ್ಡ ಶತ್ರು ಎಲೆಗಳ ಕಟ್ಟಿನಲ್ಲಿಲ್ಲ. ಆಡುವವರ ನಡುವೆಯೇ ಇದ್ದಾನೆ. ನಿಯಮಗಳನ್ನು ಚೆನ್ನಾಗಿ ಬಲ್ಲ ಒಬ್ಬನು ಎಲ್ಲರ ಸರದಿಯನ್ನೂ ತಾನೇ ನಡೆಸತೊಡಗುತ್ತಾನೆ. 'ನೀನು ಸ್ಮಶಾನಕ್ಕೆ ಹೋಗು, ನೀನು ಆಸ್ಪತ್ರೆಯಲ್ಲೇ ಇರು, ಆ ಆಯುಧವನ್ನು ಅವಳಿಗೆ ಕೊಡು' ಎಂದು ಆಜ್ಞೆಗಳು ಹೊರಡುತ್ತವೆ. ಉಳಿದವರು ಕಾಯಿ ಸರಿಸುವ ಕೈಗಳಾಗುತ್ತಾರೆ. ಎಲ್ಲ ಮಾಹಿತಿಯೂ ಮೇಜಿನ ಮೇಲೆ ಬಯಲಾಗಿರುವುದರಿಂದ ಇದು ಸುಲಭವೂ ಹೌದು. 'ಮಿಸ್ಟೀರಿಯಂ'ನಂತಹ ಆಟಗಳಲ್ಲಿ ಪ್ರೇತದ ಪಾತ್ರ ವಹಿಸಿದವನು ಮಾತನಾಡುವಂತಿಲ್ಲ. ಚಿತ್ರಗಳ ಮೂಲಕವಷ್ಟೇ ಉಳಿದವರಿಗೆ ಸುಳಿವು ಕೊಡಬೇಕು. ಎಲ್ಲವನ್ನೂ ಬಲ್ಲವನ ಬಾಯಿಗೆ ಅಲ್ಲಿ ನಿಯಮವೇ ಬೀಗ ಹಾಕಿದೆ. ಅಂತಹ ಬೀಗವಿಲ್ಲದ ಕಡೆ ಆ ಸಂಯಮವನ್ನು ಆಡುವವರೇ ತಂದುಕೊಳ್ಳಬೇಕು.

ಅನುಭವಿಯು ಸುಮ್ಮನಿದ್ದರೆ ಗುಂಪು ಸೋಲುವುದಿಲ್ಲವೇ ಎಂಬ ಆಕ್ಷೇಪ ಏಳಬಹುದು. ಸೋಲಬಹುದು. ಆದರೆ ತಿಳಿಸಿಕೊಡುವುದು ಬೇರೆ, ನಿರ್ಧಾರವನ್ನು ಕಸಿದುಕೊಳ್ಳುವುದು ಬೇರೆ. ಈ ಆಟದಲ್ಲಿ ಸಾಮಾನ್ಯವಾಗಿ ದಾಳದ 5 ಅಥವಾ 6 ಬಿದ್ದರೆ ಯಶಸ್ಸು. ಒಂದು ಯಶಸ್ಸು ಸಾಕಾಗಿರುವಾಗ ಒಂದು ದಾಳಕ್ಕೆ ಸಾಧ್ಯತೆ ಮೂರರಲ್ಲಿ ಒಂದು. ಮೂರು ದಾಳಗಳಿದ್ದರೆ 27ರಲ್ಲಿ 19, ಅಂದರೆ ಸುಮಾರು ಶೇ. 70. ಈ ಲೆಕ್ಕವನ್ನು ಹೊಸಬನಿಗೆ ಹೇಳಿಕೊಡುವುದು ಅನುಭವಿಯ ಕರ್ತವ್ಯ. ಶೇ. 30ರ ಅಪಾಯಕ್ಕೆ ಒಡ್ಡಿಕೊಳ್ಳಬೇಕೇ ಬೇಡವೇ ಎಂಬುದು ಆ ಹೊಸಬನ ಹಕ್ಕು. ತಮ್ಮ ಬುದ್ಧಿಯಿಂದ ಯೋಚಿಸಿ ಸೋತ ನಾಲ್ವರು ಮುಂದಿನ ಆಟಕ್ಕೆ ನಾಲ್ವರು ಆಟಗಾರರಾಗಿ ಬರುತ್ತಾರೆ. ಒಬ್ಬನ ಆಜ್ಞೆಯಂತೆ ಗೆದ್ದ ನಾಲ್ವರಲ್ಲಿ ಆಟಗಾರ ಒಬ್ಬನೇ. ಉಳಿದ ಮೂವರು ಮುಂದಿನ ಸಲ ಬಾರದೆಯೂ ಇರಬಹುದು.

ಗುಂಪುಚರ್ಚೆ, ಸಂಘದ ಸಭೆ, ಮನೆಯ ವ್ಯವಹಾರ ಎಲ್ಲೆಡೆಯೂ ಬಲ್ಲವನೊಬ್ಬ ಮಾತನಾಡಿ ಉಳಿದವರು ತಲೆಯಾಡಿಸುವ ರೂಢಿ ಬೆಳೆದಿದೆ. ಸೋಲಿಗೆ ಬೆಲೆ ತೆರಬೇಕಾಗಿಲ್ಲದ ಆಟದ ಮೇಜು ಆ ರೂಢಿಯನ್ನು ಮುರಿಯಲು ತಕ್ಕ ಸ್ಥಳ.

ಈ ಆಟದ ಪೆಟ್ಟಿಗೆ ದುಬಾರಿಯೆಂಬುದೂ ಇಂಗ್ಲಿಷ್ ನಿಯಮಪುಸ್ತಕ ದೀರ್ಘವೆಂಬುದೂ ನಿಜ. ಮೊದಲನೆಯದಕ್ಕೆ ಪರಿಹಾರ ನಾಲ್ಕಾರು ಜನ ಕೂಡಿ ಕೊಳ್ಳುವುದು. ಎರಡನೆಯದು ಐಚ್ಛಿಕ ಕನ್ನಡದವರಿಗೆ ಅಡ್ಡಿಯಾಗುವುದರ ಬದಲು ಒಳ್ಳೆಯ ಕೆಲಸವಾಗಬಲ್ಲದು. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡುವ ಗಡಿನಾಡಿನ ವಿದ್ಯಾರ್ಥಿಗೆ ಅನುವಾದ ನಿತ್ಯದ ಅಭ್ಯಾಸ. ಸರದಿಯ ಹಂತಗಳನ್ನು ಎರಡು ಪುಟಗಳ ಕನ್ನಡಕ್ಕೆ ಇಳಿಸುವುದು ಕಥೆಯ ಅನುವಾದಕ್ಕಿಂತ ಕಠಿನ. ಏಕೆಂದರೆ ಒಂದು ಪದ ಸಡಿಲವಾದರೆ ಆಟವೇ ನಿಲ್ಲುತ್ತದೆ. ಬುದ್ಧಿಸ್ಥಿಮಿತ ಎನ್ನಬೇಕೇ, ಚಿತ್ತಸ್ವಾಸ್ಥ್ಯ ಎನ್ನಬೇಕೇ? ಮುಚ್ಚಿದ ದ್ವಾರಕ್ಕೂ ಮುದ್ರಿಸಿದ ದ್ವಾರಕ್ಕೂ ಇರುವ ಭೇದವನ್ನು ಹೇಗೆ ಕಾಣಿಸಬೇಕು? ಈ ಪ್ರಶ್ನೆಗಳನ್ನೂ ಒಬ್ಬನೇ ತೀರ್ಮಾನಿಸದೆ, ಆಡಲಿರುವವರೆಲ್ಲರೂ ಕುಳಿತು ತೀರ್ಮಾನಿಸುವುದು ಲೇಸು.