ನೊಣಕ್ಕೂ ಒಂದು ತಳಿ ಕೇಂದ್ರ: ಶಿಡ್ಲಘಟ್ಟದ ರೇಷ್ಮೆಗೂ ಇದಕ್ಕೂ ಏನು ನಂಟು?

ಚಿಕ್ಕಬಳ್ಳಾಪುರ: ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡೋ ಸಣ್ಣ ನೊಣಗಳನ್ನು ಹಣ್ಣಿನಂಗಡಿಯವರು ಟವೆಲ್ ಬೀಸಿ ಓಡಿಸುತ್ತಾರೆ. ಅದೇ ನೊಣವನ್ನು ಬೆಂಗಳೂರಿನಲ್ಲಿ ಬಾಟಲಿಯಲ್ಲಿ ಸಾಕಿ, ಅದರ ಜೀನ್ ತಿದ್ದಿ ಸಂಶೋಧಕರಿಗೆ ಕೊಡಲಾಗುತ್ತದೆ. ಜಾಗ ದೂರವೇನಲ್ಲ. ನಮ್ಮ ಬಸ್ಸು ಹೆಬ್ಬಾಳ ಮುಟ್ಟೋ ಮುಂಚೆ ಸಿಗುವ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿರುವ ನೊಣ ಘಟಕ ಈ ಕೆಲಸ ಮಾಡುತ್ತದೆ.

ಚಿಂತಾಮಣಿ ಕಡೆ ಮಾವಿಗೆ ಹುಳ ಬೀಳಿಸೋ ಹಣ್ಣುನೊಣ ಬೇರೆ, ಇದು ಬೇರೆ. ಇದರ ಹೆಸರು ಡ್ರೊಸೊಫಿಲ.

ಯಾಕೆ ನೊಣವೇ?

ಮೊಟ್ಟೆಯಿಂದ ನೊಣವಾಗಲು 10 ದಿನ ಸಾಕು. ಇದರಲ್ಲಿರೋದು ಸುಮಾರು 14 ಸಾವಿರ ಜೀನ್. ಮನುಷ್ಯರ ಕಾಯಿಲೆಗೆ ಸಂಬಂಧಿಸಿದ ಜೀನ್‌ಗಳಲ್ಲಿ ಮುಕ್ಕಾಲು ಪಾಲಿಗೆ ಹೋಲುವಂಥವು ನೊಣದಲ್ಲೂ ಇವೆ. ಕ್ರಿಸ್ಪರ್ ವಿಧಾನದಲ್ಲಿ ಒಂದು ಜೀನ್ ಕತ್ತರಿಸಿ, ನೊಣದಲ್ಲಿ ಏನು ಕೆಟ್ಟಿತು ಅಂತ ನೋಡುತ್ತಾರೆ. ಒಂದೊಂದೇ ಫ್ಯೂಸ್ ಕಿತ್ತು ಯಾವ ರೂಮಿನ ಲೈಟು ಆರಿತು ಅಂತ ನೋಡಿದ ಹಾಗೆ.

ಒಂದು ತಳಿ ತಯಾರಿಸಲು ತಿಂಗಳುಗಳೇ ಬೇಕು. ಪ್ರತಿ ಕಾಲೇಜಿಗೂ ಇದು ಆಗದ ಮಾತು. ಶಿಡ್ಲಘಟ್ಟದ ರೈತ ತಾನೇ ಮೊಟ್ಟೆ ಮಾಡದೆ ಚಾಕಿ ಕೇಂದ್ರದಿಂದ ಹುಳು ತರುವಂತೆ, ಸಂಶೋಧಕರೂ ತಳಿ ಕೇಂದ್ರದಿಂದ ನೊಣ ತರಿಸುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲೂ ಇಂಥ ಕೇಂದ್ರವಿದೆ. ಅಮೆರಿಕದ ಬ್ಲೂಮಿಂಗ್ಟನ್ ಕೇಂದ್ರ ಜಗತ್ತಿಗೇ ಕಳಿಸುತ್ತದೆ.

ರೈತನಿಗೇನು?

ಇವತ್ತೇ ಗೂಡಿನ ರೇಟು ಏರಲ್ಲ. ಆದರೆ ಹಾಲುರೋಗ ಬಂದ ಹುಳುವಿಗೆ ಈಗಲೂ ಮದ್ದಿಲ್ಲ. ಸೋಂಕುನಿವಾರಕ ಬಳಸಿ ರೋಗ ಬರದಂತೆ ತಡೆಯೋದೇ ಮುಖ್ಯ ದಾರಿ. ಕೀಟ ರೋಗವನ್ನು ಹೇಗೆ ಎದುರಿಸುತ್ತದೆ ಅಂತ ತಿಳಿಯಲು ಈ ನೊಣ ಬಹಳ ನೆರವಾಗಿದೆ. ಅದರ 'ಟೋಲ್' ಜೀನ್ ಕುರಿತ ಕೆಲಸಕ್ಕೆ ಜೂಲ್ಸ್ ಹಾಫ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಟೋಲ್ ಜೀನ್‌ಗಳು ರೇಷ್ಮೆ ಹುಳುವಿನಲ್ಲೂ ಇವೆ.

ತೊಡಕೂ ಇದೆ. ನೊಣದ ತಳಿಯನ್ನು ರಾಗಿ ಬೀಜದಂತೆ ಕಟ್ಟಿಡಲು ಆಗಲ್ಲ. ಕೆಲವೇ ವಾರಕ್ಕೊಮ್ಮೆ ಹೊಸ ಆಹಾರದ ಬಾಟಲಿಗೆ ದಾಟಿಸಬೇಕು. ಅನುದಾನ ನಿಂತು ಕೆಲಸದವರು ಬಿಟ್ಟರೆ ತಳಿಯೇ ಹೋಯಿತು. ಹೊಸ ಸಂಶೋಧನೆಗೆ ಸಿಗೋ ದುಡ್ಡು, ಇದ್ದದ್ದನ್ನು ಕಾಪಾಡೋಕೆ ಸುಲಭವಾಗಿ ಸಿಗಲ್ಲ.

ನಮ್ಮ ಜಿಲ್ಲೆ ಕೇಳಬೇಕಾದ ಪ್ರಶ್ನೆ ಇಲ್ಲೇ ಇರೋದು. ರೇಷ್ಮೆ ತಳಿಗಳನ್ನು ಕಾಪಾಡುವ ಕೇಂದ್ರ ಸರ್ಕಾರದ ಸಂಸ್ಥೆ ಪಕ್ಕದ ಹೊಸೂರಿನಲ್ಲಿದೆ. ನಾಳೆ ಜೀನ್ ತಿದ್ದಿದ ರೇಷ್ಮೆ ಹುಳು ಬಂದರೆ, ಅದೂ ನೊಣದ ತಳಿಯಂತೆ ಎಲ್ಲರಿಗೂ ಸಿಗುವ ಆಸ್ತಿಯಾಗಿರಬೇಕೋ, ಒಂದು ಕಂಪನಿಯ ಸ್ವತ್ತಾಗಬೇಕೋ? ರೈತ ಸಂಘಗಳು, ರೀಲರುಗಳು ಈ ಮಾತನ್ನು ಈಗಲೇ ಎತ್ತಿದರೆ ಒಳ್ಳೇದು. ಹುಳು ಮನೆಗೆ ಬಂದ ಮೇಲೆ ಕೇಳಿದರೆ ತಡವಾಗುತ್ತದೆ.