ಆಕಾಶದಿಂದ ಕಂಡ ತಗಡಿನ ಸೂರು

ಕಳೆದ ಭಾನುವಾರ ಬೆಳಗ್ಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ನಕ್ಷೆ ತಯಾರಿಸುವುದೇ ಅವನ ಉದ್ಯೋಗ. ಆದರೆ ಈಗಿನವರ ನಕ್ಷೆಗೆ ಅಳತೆಯ ಸರಪಳಿಯೂ ಬೇಡ, ಅದರ ಇನ್ನೊಂದು ತುದಿ ಹಿಡಿಯುವ ಜವಾನನೂ ಬೇಡ. ಕಾಫಿ ಕುಡಿಯುತ್ತಲೇ ಅವನು ತನ್ನ ಕಂಪ್ಯೂಟರನ್ನು ತೆರೆದು, ಉಪಗ್ರಹವೊಂದು ತೆಗೆದ ನಮ್ಮ ಬಡಾವಣೆಯ ಚಿತ್ರವನ್ನು ತೋರಿಸಿದ. ನಮ್ಮ ಬೀದಿ, ಬೀದಿಯ ಕೊನೆಯ ಅರಳೀಮರ, ನಮ್ಮ ಮನೆಯ ತಾರಸಿ, ಅದರ ಮೂಲೆಯ ನೀರಿನ ತೊಟ್ಟಿ, ಎಲ್ಲವೂ ಕಂಡವು.

“ನನ್ನ ತುಳಸಿಕಟ್ಟೆ ಕಾಣಿಸುತ್ತದೆಯೇನೋ?” ಎಂದು ನನ್ನಾಕೆ ಕೇಳಿದಳು.

“ಅಗೋ ಅತ್ತೆ, ಆ ಹಸಿರು ಚುಕ್ಕೆ” ಎಂದ. ಆಮೇಲೆ ತಾರಸಿಯ ಮೇಲೆ ಬೆರಳಿಟ್ಟು, “ಇದೇನು ಮಾವ, ಇಲ್ಲೊಂದು ತಗಡಿನ ಸೂರು?” ಎಂದು ವಿಚಾರಿಸಿದ.

ಅದು ವಿದ್ಯಾರ್ಥಿಯೊಬ್ಬನಿಗೆ ಬಾಡಿಗೆಗೆ ಕೊಟ್ಟಿರುವ ಕೋಣೆ. ಕಟ್ಟಿಸಿ ನಾಲ್ಕು ವರ್ಷವಾಯಿತು. ನಾನು ವರ್ಷವರ್ಷವೂ ತುಂಬಿಕೊಡುವ ಕಂದಾಯದ ಪತ್ರದಲ್ಲಿ ಅದಕ್ಕಿನ್ನೂ ಸ್ಥಳ ದೊರೆತಿಲ್ಲ. ನಾನು ಮಾತನ್ನು ಬೇರೆ ಕಡೆಗೆ ತಿರುಗಿಸಿದೆ. ವಾಚಕರೂ ಸ್ವಲ್ಪ ಹೊತ್ತು ನನ್ನೊಡನೆ ಬೇರೆ ಕಡೆಗೆ ಬರಬೇಕೆಂದು ಕೋರುತ್ತೇನೆ.

ಆ ಬೇರೆ ಕಡೆ ಎಂದರೆ ಆಫ್ರಿಕದ ಪಶ್ಚಿಮ ಕರಾವಳಿಯ ಫ್ರೀಟೌನ್, ಸಿಯೆರಾ ಲಿಯೋನ್ ದೇಶದ ರಾಜಧಾನಿ. ಇಂಥ ಚಿತ್ರಗಳನ್ನು ಮನೆಕಂದಾಯಕ್ಕೆ ಬಳಸಿಕೊಂಡ ಊರುಗಳಲ್ಲಿ ಅದರ ಕಥೆ ನಮ್ಮವರು ಕೇಳಬೇಕಾದದ್ದು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು 1792ರಲ್ಲಿ ನೆಲೆಗೊಳಿಸಿದ ಪಟ್ಟಣವದು. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಬೆಟ್ಟ. 1991ರಿಂದ 2002ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಹಳ್ಳಿಗಳನ್ನು ತೊರೆದ ಜನ ಅಲ್ಲಿಗೆ ಬಂದು ಸೇರಿದರು. ಬೆಟ್ಟದ ಇಳಿಜಾರಿನ ಮೇಲೆಲ್ಲ ಮನೆಗಳೆದ್ದವು. 2017ರ ಆಗಸ್ಟ್ 14ರಂದು ದೊಡ್ಡ ಮಳೆಗೆ ಬೆಟ್ಟದ ಒಂದು ಭಾಗವೇ ಕುಸಿಯಿತು. ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಮಿಕ್ಕಿದ ಜನ. ಚರಂಡಿ ತೋಡಿಸುವುದಕ್ಕಾಗಲಿ, ಕಸ ತೆಗೆಸುವುದಕ್ಕಾಗಲಿ ನಗರಸಭೆಯ ಬೊಕ್ಕಸದಲ್ಲಿ ಹಣ ಸಾಲದು.

ಮರುವರ್ಷ ಮೇಯರ್ ಆಗಿ ಚುನಾಯಿತರಾದ ಶ್ರೀಮತಿ ಇವೊನ್ ಆಕಿ-ಸಾಯರ್ ಅವರು ಲೆಕ್ಕಪತ್ರಗಳ ವಿದ್ಯೆಯಲ್ಲಿ ನುರಿತವರು. ಕಂದಾಯದ ಪುಸ್ತಕದಲ್ಲಿದ್ದ ಕಟ್ಟಡಗಳು ಸುಮಾರು 57,000. ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಎಣಿಸಿ, ಬೀದಿಗಿಳಿದು ನೋಡಿದಾಗ ದೊರೆತದ್ದು 1,20,000ಕ್ಕೂ ಹೆಚ್ಚು. ಊರಿನ ಅರ್ಧಕ್ಕಿಂತ ಹೆಚ್ಚು ಸೂರುಗಳು ಪುಸ್ತಕದ ಹೊರಗಿದ್ದವು!

ಇಷ್ಟಕ್ಕೇ ಕೈಬಿಟ್ಟಿದ್ದರೆ ಅನ್ಯಾಯವು ಇಮ್ಮಡಿಯಾಗುತ್ತಿತ್ತು. ಏಕೆಂದರೆ ಅಲ್ಲಿನ ಹಳೆಯ ಪದ್ಧತಿಯಲ್ಲಿ ಮುಖ್ಯವಾಗಿ ಚದರಳತೆಯೇ ಪ್ರಮಾಣ. ಸಮುದ್ರದತ್ತ ಮುಖಮಾಡಿದ ಬಂಗಲೆಗೂ, ಕೊಚ್ಚೆಯ ಪಕ್ಕದ ತಗಡಿನ ಮನೆಗೂ ಅಳತೆ ಹತ್ತಿರವಿದ್ದರೆ ಕಂದಾಯವೂ ಹತ್ತಿರವೇ. ಮೇಲಿನಿಂದ ನೋಡುವ ಕಣ್ಣಿಗೆ ಸೂರಿನ ಉದ್ದಗಲ ತಿಳಿಯುತ್ತದೆ. ಅದರ ಕೆಳಗಿನ ಗೋಡೆ ಕಲ್ಲಿನದೋ ಮಣ್ಣಿನದೋ, ಬಾಗಿಲಿಗೆ ಕಾರು ಬರುತ್ತದೆಯೋ ಇಲ್ಲವೋ, ಇದು ತಿಳಿಯುವುದು ಕಷ್ಟ. ನಮ್ಮವರೇ 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1ರ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ ಎರಡೂವರೆ ಮೀಟರ್ ನೆಲ. ನನ್ನಾಕೆಯ ತುಳಸಿಕಟ್ಟೆ ಅದರಲ್ಲಿ ಎಲ್ಲಿಯೋ ಕರಗಿಹೋಗುತ್ತಿತ್ತು. ನೆಲದ ಏರಿಳಿತವನ್ನು ಲೆಕ್ಕಹಾಕಲೆಂದು ಅದಕ್ಕೆ ಓರೆಯಾಗಿ ನೋಡುವ ಎರಡು ಕ್ಯಾಮೆರಾಗಳನ್ನು ಇಟ್ಟಿದ್ದರು. 2019ರ ಕಾರ್ಟೊಸ್ಯಾಟ್-3ರ ಚುಕ್ಕೆ ಕಾಲು ಮೀಟರಿನಷ್ಟು ಸೂಕ್ಷ್ಮ. ಆದರೂ ಗೋಡೆಯ ಬಿರುಕು ಆಕಾಶಕ್ಕೆ ಕಾಣಿಸದು.

ಆದುದರಿಂದ ಫ್ರೀಟೌನಿನವರು ಜನರನ್ನು ಮನೆಮನೆಯ ಮುಂದೆ ಕಳುಹಿಸಿದರು. ಹೊರಗಿನಿಂದ ಕಾಣುವುದನ್ನಷ್ಟೇ ಗುರುತುಹಾಕಿಕೊಳ್ಳಬೇಕು. ಒಳ್ಳೆಯ ಗೋಡೆ, ಒಳ್ಳೆಯ ಕಿಟಕಿ, ವಾತಾನುಕೂಲ ಯಂತ್ರ ಇದ್ದರೆ ಅಂಕಗಳು ಏರುತ್ತವೆ. ಹಾಳು ಬಿದ್ದ ಸೂರು, ಕೆಟ್ಟ ದಾರಿ ಇದ್ದರೆ ಇಳಿಯುತ್ತವೆ. ಯಾವ ಲಕ್ಷಣಕ್ಕೆ ಎಷ್ಟು ತೂಕ ಎಂಬುದನ್ನು, ಕೆಲವು ಮನೆಗಳ ಬೆಲೆಯನ್ನು ತಜ್ಞರಿಂದ ಕಟ್ಟಿಸಿ, ಅದರ ಆಧಾರದ ಮೇಲೆ ಗೊತ್ತುಮಾಡಿದರು. ಈ ಉಪಾಯದಲ್ಲಿ ನನಗೆ ಹಿಡಿಸಿದ್ದು ಒಂದೇ ಅಂಶ. ನನ್ನ ಮನೆಗೆ ಬಿದ್ದ ಅಂಕಗಳನ್ನು ನಾನೇ ಬೀದಿಯಲ್ಲಿ ನಿಂತು ತಾಳೆ ನೋಡಬಹುದು. ಪಕ್ಕದ ಮನೆಯವರದನ್ನೂ ನೋಡಬಹುದು. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬರುವ ಮುನ್ನ, ನಮ್ಮ ಮನೆಗೆ ಎಷ್ಟು ಬಾಡಿಗೆ ಬಂದೀತೆಂದು ಅಧಿಕಾರಿಯೇ ಊಹಿಸಿ ಬರೆಯುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ಅವರಿಗೆ ಕೊಟ್ಟ ಕಾಫಿಯ ಲೆಕ್ಕವನ್ನು ಇಲ್ಲಿ ಎತ್ತುವುದಿಲ್ಲ.

2020ರಲ್ಲಿ ಹೊಸ ಲೆಕ್ಕ ಹೊರಬಿದ್ದಿತು. ಬಡ ಮನೆಗಳ ಕೊನೆಯ ಐದನೆಯ ಒಂದು ಪಾಲಿಗೆ ಕಂದಾಯ ಅರ್ಧಕ್ಕಿಂತ ಕೆಳಗಿಳಿಯಿತು. ಮೇಲಿನ ಐದನೆಯ ಒಂದು ಪಾಲಿಗೆ ಮೂರು ಪಟ್ಟಿಗೂ ಮೀರಿ ಏರಿತು. ಇಳಿದವರು ಸುಮ್ಮನೆ ಮನೆಯೊಳಗೆ ಸಂತೋಷಪಟ್ಟಿರಬೇಕು; ಏರಿದವರ ದನಿ ಬಹುದೂರ ಕೇಳಿಸುವಂಥದು. ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಇಲಾಖೆ ವಸೂಲಿಯನ್ನು ತಡೆಹಿಡಿಯಿತು. 2021ರಲ್ಲಿ ಹೊಸ ನಿಯಮಗಳು ಬಂದ ಮೇಲೆಯೇ ಅದು ಮುಂದುವರಿಯಿತು.

ಏರಿದವರೆಲ್ಲರೂ ಸಿರಿವಂತರೆಂದು ನಾನು ಹೇಳಲಾರೆ. ನಮ್ಮ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮಾವನವರ ಕಾಲದ ದೊಡ್ಡ ಮನೆಯಲ್ಲಿ ಒಬ್ಬಂಟಿಯಾಗಿ ಪಿಂಚಣಿಯ ಮೇಲೆ ಕಾಲ ಹಾಕುವ ಅಜ್ಜಿಯರಿಲ್ಲವೆ? ಮನೆಯ ಬೆಲೆ ಕೋಟಿ, ಕೈಯಲ್ಲಿ ಕಾಸಿಲ್ಲ. ಅವರ ಅಹವಾಲನ್ನು ಉಪಗ್ರಹ ಕೇಳದು. ಕೇಳಲು ಕಚೇರಿಯಲ್ಲಿ ಒಬ್ಬ ಮನುಷ್ಯನೇ ಕುಳಿತಿರಬೇಕು, ಕೇಳಿದ ಮೇಲೆ ತಿದ್ದುವ ಅಧಿಕಾರವೂ ಅವನಿಗಿರಬೇಕು.

ಇದನ್ನೆಲ್ಲ ನಾನು ಊಟದ ಹೊತ್ತಿನವರೆಗೂ ವಿವರಿಸಿದೆ. ನನ್ನಾಕೆ ಎಲೆ ಎತ್ತಿ, ಒಳಗಿನಿಂದ ಅಳತೆಯ ಟೇಪನ್ನು ತಂದು ನನ್ನ ಮುಂದಿಟ್ಟಳು.

“ಫ್ರೀಟೌನಿನಿಂದ ಬಂದದ್ದಾಯಿತಲ್ಲ, ಇನ್ನು ತಾರಸಿ ಹತ್ತಿ” ಎಂದಳು.

ಹತ್ತಿದೆವು. ಸೋದರಳಿಯನು ಚಿತ್ರದಲ್ಲಿ ಎಣಿಸಿದ್ದು ಹದಿನಾರು ಅಡಿ. ಟೇಪು ಗೋಡೆಯಿಂದ ಗೋಡೆಗೆ ಹೇಳಿದ್ದು ಹದಿನಾಲ್ಕು. ಉಳಿದೆರಡು ಅಡಿ ಮಳೆಗೆಂದು ಹೊರಚಾಚಿದ ತಗಡು. ಆಕಾಶದ ಕಣ್ಣೂ ತಪ್ಪಿತಲ್ಲ ಎಂದು ನಾನು ಬಹಳ ಹಿಗ್ಗಿದೆ.

“ಸರಿ ಮಾವ, ಆ ಎರಡು ಬಿಡಿ. ಹದಿನಾಲ್ಕನ್ನು ಬರೆದುಕೊಳ್ಳಿ” ಎಂದ ಅವನು.