ನಡೆಯದ ಹಬ್ಬದ ಮಗ್ಗು

ಮ್ಯೂನಿಕ್‌ನಲ್ಲಿರೋ ಗೆಳೆಯನ ಮನೆಯ ಶೋಕೇಸಿನಲ್ಲಿ ಅಕ್ಟೋಬರ್‌ಫೆಸ್ಟ್‌ನ ಬಿಯರ್ ಮಗ್ಗುಗಳ ಸಾಲೇ ಇದೆ. ಒಂದಾದರೂ ಬಿಯರ್ ಕಂಡಿದ್ದರೆ ಕೇಳಿ! ತೊಳೆದರೆ ಬಣ್ಣ ಹೋಗುತ್ತಂತೆ.

ಅವನೊಬ್ಬನದೇ ತಪ್ಪಲ್ಲ ಬಿಡಿ. ಆ ಹಬ್ಬಕ್ಕೆ 1952ರಿಂದ ಪೋಸ್ಟರ್ ಸ್ಪರ್ಧೆ ಇದೆ. 1978ರಿಂದ ಪ್ರತಿವರ್ಷ ಒಂದು ಅಧಿಕೃತ ಮಗ್ಗು ಬೇರೆ. ನಮ್ಮ ಉಪ್ಪಿನಕಾಯಿ ಜಾಡಿಯಂಥದೇ ಮಣ್ಣು, ಮೇಲೆ ಗೆದ್ದ ಪೋಸ್ಟರಿನ ಚಿತ್ರ. ಅಂದರೆ ಕೂಡಿಡಲೆಂದೇ ಮಾಡಿದ ವಸ್ತು. ಅದಕ್ಕೆ 'ನೆನಪಿನ ಕಾಣಿಕೆ' ಅನ್ನೋದು ಯಾಕೆ?

ಅನುಮಾನವಿದ್ದರೆ 2020ನ್ನು ನೋಡಿ. ಕೊರೋನಾದಿಂದ ಹಬ್ಬವೇ ರದ್ದಾಯ್ತು. ಟೆಂಟು ಏಳಲಿಲ್ಲ, ಪೀಪಾಯಿ ತೆರೆಯಲಿಲ್ಲ... ಮಗ್ಗು ಮಾತ್ರ ಬಂತು! ಈಗ ಅದು 'ಅಪರೂಪದ್ದು' ಅಂತ ಗೆಳೆಯ ಬೀಗುತ್ತಾನೆ. ಯಾವುದರ ನೆನಪು ಸ್ವಾಮಿ ಅದು? ಕೊರೋನಾದ ನೆನಪು ಅಂದರೆ ಒಪ್ಪಿಕೊಂಡೇನು.

ಹಬ್ಬ ನಡೆಯೋ ತೆರೇಸಿಯನ್‌ವೀಸೆ ಮೈದಾನದಲ್ಲೇ ವಸಂತಕಾಲದಲ್ಲಿ ಹಳೇ ಸಾಮಾನಿನ ದೊಡ್ಡ ಸಂತೆ ಸೇರುತ್ತೆ. ಹುಡುಕಿದರೆ ಅಂಚು ಒಡೆದ ಬೂದುಬಣ್ಣದ ಮಗ್ಗು ಅಲ್ಲಿ ಸಿಕ್ಕೀತು. ಯಾರೋ ನಿಜವಾಗಿ ಕುಡಿದು, ಮೇಜಿಗೆ ಕುಟ್ಟಿ, ಪಕ್ಕದವನ ಮಗ್ಗಿಗೆ ತಾಗಿಸಿದ್ದು. ಇವನು ಅದನ್ನು 'ಡ್ಯಾಮೇಜ್' ಅಂತ ಮುಟ್ಟುವುದಿಲ್ಲ. ನನಗೆ ಅಂಥದ್ದೇ ಒಂದು ತಾರಯ್ಯಾ ಅಂದಿದ್ದಕ್ಕೆ ಮಾತು ಬಿಟ್ಟಿದ್ದಾನೆ :)